ಒಂದೇ ಕಾಲು ಊದಿದ್ದರೆ ಮಸಾಜ್ ಬೇಡ

ಸಿಸೇರಿಯನ್ ಆಗಿ ಮೂರು ವಾರವಾದ ಬಾಣಂತಿಯ ಎಡ ಮೀನಖಂಡ ಊದಿ ನೋಯುತ್ತಿದೆ, ಮೆಲ್ಲಗೆ ಎಣ್ಣೆ ತಿಕ್ಕಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಇವತ್ತೇ ಆಸ್ಪತ್ರೆಗೆ ಕಳಿಸಿ.

ಸ್ನಾಯು ಹಿಡಿದುಕೊಂಡಿರಲೂಬಹುದು, ನಿಜ. ಆದರೆ ಒಂದೇ ಕಾಲು ಊದಿದಾಗ ಮೊದಲು ಅನುಮಾನ ಬರಬೇಕಾದ್ದು ಡಿವಿಟಿ ಮೇಲೆ. ಅಂದರೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು. ಹೆರಿಗೆಯಾದ ಮೊದಲ 6 ವಾರ ಈ ಅಪಾಯ ಜಾಸ್ತಿ, ಸಿಸೇರಿಯನ್ ಆಗಿದ್ದರೆ ಇನ್ನೂ ಜಾಸ್ತಿ. ಎಡಗಾಲಲ್ಲೇ ಹೆಚ್ಚಾಗಿ ಕಾಣುವುದಕ್ಕೂ ಕಾರಣವಿದೆ. ಕಾಲಿನ ರಕ್ತವನ್ನು ಮೇಲಕ್ಕೆ ಒಯ್ಯುವ ಆ ಕಡೆಯ ಇಲಿಯಾಕ್ ಅಭಿಧಮನಿಯ ಮೇಲೆ ಬಲಗಡೆಯ ಇಲಿಯಾಕ್ ಅಪಧಮನಿ ಹಾದುಹೋಗಿ ಅದನ್ನು ಒತ್ತುತ್ತದೆ. ತಿಕ್ಕಿದರೆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಆಗ ಜೀವಕ್ಕೇ ಕುತ್ತು.

ಪಾದ ಮೇಲಕ್ಕೆ ಬಾಗಿಸಿ ನೋಡುವ ಹೋಮನ್ಸ್ ಪರೀಕ್ಷೆಯನ್ನು ಮಾತ್ರ ನಂಬಬೇಡಿ. ಅದರಲ್ಲಿ ನೋವು ಬರದಿದ್ದರೂ ಹೆಪ್ಪು ಇರಬಹುದು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಬೇಕೇ ಬೇಕು. ಉಸಿರಾಡಲು ಕಷ್ಟ, ಎದೆನೋವು ಇದ್ದರೆ ತಕ್ಷಣ 108ಕ್ಕೆ ಕರೆ ಮಾಡಿ.

ಬಾಣಂತಿಗೆ ಎಣ್ಣೆ ನೀರು ತಪ್ಪಿಸಬಾರದು ಅಂತ ಮನೆಯವರು ಒತ್ತಾಯ ಮಾಡ್ತಾರೆ, ಅಲ್ವಾ? ಸ್ಕ್ಯಾನ್ ನೋಡಿ ಡಾಕ್ಟರ್ ಒಪ್ಪುವವರೆಗೆ ಮಸಾಜ್ ಆಗಲ್ಲ ಎಂದು ಅವರಿಗೆ ಬಿಡಿಸಿ ಹೇಳಿ.