ಕ್ಯಾಪ್ಸ್ ಲಾಕ್‌ಗೂ ಒಂದು ಕೆಲಸ ಕೊಡಿ

ಈ ಸಲ ಬಂದ ಪ್ರಶ್ನೆಗಳೆಲ್ಲ ಒಂದೇ ಬಸ್ಸಿನಿಂದ ಇಳಿದ ಹಾಗಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಹಳೆ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಹಾಗಾಗಿ ಮನೆಯಲ್ಲೋ ಅಂಗಡಿಯಲ್ಲೋ ಇದ್ದ ಗಟ್ಟಿಮುಟ್ಟಾದ ಯಂತ್ರಕ್ಕೆ ಯಾರೋ ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿಕೊಟ್ಟಿದ್ದಾರೆ. ಓಡುತ್ತಿದೆ, ಚೆನ್ನಾಗಿದೆ, ಕೈಗೆ ಮಾತ್ರ ಒಗ್ಗುತ್ತಿಲ್ಲ.

ಪ್ರಶ್ನೆ: ತಿಪಟೂರಿನಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಹದಿನೆಂಟು ವರ್ಷದಿಂದ ನುಡಿ ತಂತ್ರಾಂಶದಲ್ಲೇ ಟೈಪಿಂಗ್. ಅಣ್ಣನ ಮಗ ಲಿನಕ್ಸ್ ಮಿಂಟ್ (ಸಿನಮನ್ ಡೆಸ್ಕ್‌ಟಾಪ್) ಹಾಕಿ, ಕೀಬೋರ್ಡ್ ಪಟ್ಟಿಯಲ್ಲಿ ‘ಕನ್ನಡ, ಕಗಪ’ ಆರಿಸಿಕೊಟ್ಟ. ಆದರೆ ‘ಇಲ್ಲಿ’ ಎಂದು ಹೊಡೆದರೆ ಮೊದಲಕ್ಷರದ ಜಾಗದಲ್ಲಿ ಚುಕ್ಕಿಚುಕ್ಕಿ ಸುತ್ತು, ಅದರ ಮೇಲೊಂದು ಗುಡಿಸು ಬರುತ್ತದೆ. ಸ್ಕ್ರೋಲ್ ಲಾಕ್ ಒತ್ತಿದರೆ ಭಾಷೆಯೂ ಬದಲಾಗುವುದಿಲ್ಲ. ಗಿರಾಕಿ ಎದುರಿಗೆ ನಿಂತಿರುವಾಗ ಬೆವರು ಬರುತ್ತದೆ. ಈ ವಯಸ್ಸಿನಲ್ಲಿ ಕೈ ತಿದ್ದಿಕೊಳ್ಳಬೇಕೆ?

ಉತ್ತರ: ಬೇಡವೇ ಬೇಡ. ನಿಮ್ಮ ಕೈ ಸರಿಯಾಗಿಯೇ ಇದೆ, ಹುಡುಗ ಆರಿಸಿದ್ದು ಮಾತ್ರ ಬೇರೆ ಜಾತಿಯ ಕಗಪ ಕೀ ವಿನ್ಯಾಸ.

ಲಿನಕ್ಸ್‌ನಲ್ಲಿ ಕನ್ನಡ ಮೂಡಿಸಲು ಎರಡು ದಾರಿ. ಒಂದು ಎಕ್ಸ್‌ಕೆಬಿ. ಅದು ಬಲು ಸರಳ ಜೀವಿ. ಈ ಕೀ ಒತ್ತಿದರೆ ಈ ಚಿಹ್ನೆ, ಅಷ್ಟೇ ಗೊತ್ತು. ಹಿಂದಿನ ಅಕ್ಷರ ಯಾವುದಿತ್ತು ಎಂದು ತಿರುಗಿ ನೋಡುವ ಅಭ್ಯಾಸ ಅದಕ್ಕಿಲ್ಲ. ನುಡಿಯಲ್ಲಿ ನೀವು ಇಂಗ್ಲಿಷಿನ ‘ಐ’ (i) ಕೀ ಒತ್ತಿದಾಗ ಪದದ ಮೊದಲಾದರೆ ‘ಇ’ ಬರುತ್ತದೆ, ‘ಕ’ ಆದಮೇಲಾದರೆ ‘ಕಿ’ ಆಗುತ್ತದೆ. ಈ ತೀರ್ಮಾನ ಮಾಡಲು ಹಿಂದಿನ ಅಕ್ಷರ ಗೊತ್ತಿರಲೇಬೇಕು. ಎಕ್ಸ್‌ಕೆಬಿಗೆ ಗೊತ್ತಿಲ್ಲ, ಬರೀ ಗುಡಿಸು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಅಲ್ಲಿ ಬಿಡಿ ಸ್ವರ ಬೇಕೆಂದರೆ ಬಲಗಡೆ ಆಲ್ಟ್ ಕೂಡಿಸಿ ಒತ್ತಬೇಕು. ಹದಿನೆಂಟು ವರ್ಷದ ಕೈಗೆ ಇದನ್ನು ಕಲಿಸುವುದು ಹಿಂಸೆ.

ಇನ್ನೊಂದು ದಾರಿ ಐಬಸ್, ಹಿಂದಿನ ಅಕ್ಷರ ನೋಡಿ ತೀರ್ಮಾನಿಸುವ ತಂತ್ರಾಂಶ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹುಡುಕಿ ‘ಐಬಸ್’ ಮತ್ತು ‘ಐಬಸ್-ಎಂ17ಎನ್’ ಎರಡನ್ನೂ ಹಾಕಿಕೊಳ್ಳಿ. ಮೆನುವಿನ ‘ಇನ್‌ಪುಟ್ ಮೆಥಡ್’ ತೆರೆದು ಐಬಸ್ ಆರಿಸಿ, ಒಮ್ಮೆ ಲಾಗೌಟ್ ಆಗಿ ಬನ್ನಿ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ (ಎಂದರೆ ಕಗಪವೇ) ಎಂದಿರುವುದನ್ನು ಸೇರಿಸಿ. ಕೆ.ಪಿ. ರಾವ್ ರೂಪಿಸಿದ ಆ ವಿನ್ಯಾಸವೇ ನಿಮ್ಮ ನುಡಿಯದ್ದೂ. ‘ಅಮ್ಮ’ ಎನ್ನಲು ಎ, ಎಂ, ಎಫ್, ಎಂ ನಾಲ್ಕೇ ಹೊಡೆತ, ಒತ್ತಕ್ಷರಕ್ಕೆ ಅದೇ ಎಫ್. ಪಟ್ಟಿಯಲ್ಲಿರುವ ಹಳೆ ಎಕ್ಸ್‌ಕೆಬಿ ಕಗಪವನ್ನು ತೆಗೆದುಬಿಡಿ. ಎರಡೂ ಇದ್ದರೆ ಯಾವುದು ಚಾಲೂ ಇದೆ ಎಂದು ತಿಳಿಯದೆ ಮತ್ತೆ ಬೆವರು.

ಇನ್ನು ಸ್ಕ್ರೋಲ್ ಲಾಕ್. ಐಬಸ್‌ನಲ್ಲಿ ಭಾಷೆ ಬದಲಿಸಲು ಮೊದಲಿಗೆ ಇರುವುದು ಸೂಪರ್ (ವಿಂಡೋಸ್ ಗುರುತಿನ ಕೀ) ಮತ್ತು ಸ್ಪೇಸ್. ಅದೇ ಪ್ರಿಫರೆನ್ಸಸ್‌ನ ಮೊದಲ ಪುಟದಲ್ಲಿ ಆ ಶಾರ್ಟ್‌ಕಟ್ ಪಕ್ಕದ ಗುಂಡಿ ಒತ್ತಿ, ಹೊಸ ಕೀ ಕೇಳಿದಾಗ ಸ್ಕ್ರೋಲ್ ಲಾಕ್ ಒತ್ತಿ. ನಾಳೆಯಿಂದ ಕೈ ತಾನಾಗಿ ಹೋಗುವ ಜಾಗದಲ್ಲೇ ಭಾಷೆ ಬದಲಾಗುತ್ತದೆ.

ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀ ವಿನ್ಯಾಸ ಕಲಿತವರಿಗೆ ಈ ರಗಳೆಯೇ ಇಲ್ಲ. ಅದರಲ್ಲಿ ಸ್ವರಕ್ಕೂ ಗುಣಿತಚಿಹ್ನೆಗೂ ಮೊದಲಿಂದಲೇ ಬೇರೆ ಬೇರೆ ಒತ್ತುಗಳಿವೆ, ಎಕ್ಸ್‌ಕೆಬಿ ಸಾಕು. ಅಲ್ಲಿ ಲೇಔಟ್ ಆಯ್ಕೆಗಳ ಒಳಗೆ ಒಂದು ಮುದ್ದಾದ ಸೌಲಭ್ಯವೂ ಇದೆ: ಎರಡನೇ ಭಾಷೆ ಚಾಲೂ ಇದ್ದಾಗ ಕೀಬೋರ್ಡ್‌ನ ಸ್ಕ್ರೋಲ್ ಲಾಕ್ ದೀಪ ಉರಿಸು ಎನ್ನುವುದು. ದೀಪ ಹತ್ತಿದ್ದರೆ ಕನ್ನಡ, ಆರಿದ್ದರೆ ಇಂಗ್ಲಿಷ್, ಪರದೆಯ ಮೂಲೆ ನೋಡುವ ಕೆಲಸವೇ ಇಲ್ಲ. ಸ್ಕ್ರೋಲ್ ಲಾಕ್ ಇಲ್ಲದ ಲ್ಯಾಪ್‌ಟಾಪ್‌ನವರು ಇದೇ ಕೆಲಸವನ್ನು ಕ್ಯಾಪ್ಸ್ ಲಾಕ್‌ಗೆ ಕೊಡಬಹುದು. ನನ್ನ ಯಂತ್ರದಲ್ಲಿ ಕ್ಯಾಪ್ಸ್ ಲಾಕ್ ಎಂದರೆ ಬ್ಯಾಕ್‌ಸ್ಪೇಸ್, ಅದೂ ಆಯ್ಕೆಗಳ ಪಟ್ಟಿಯಲ್ಲೇ ಇದೆ. ಕನ್ನಡ ಬರೆಯುವವನಿಗೆ ದೊಡ್ಡಕ್ಷರದ ಹಂಗಿಲ್ಲ, ಅಳಿಸುವ ಕೆಲಸ ಮಾತ್ರ ದಿನಕ್ಕೆ ನೂರು ಸಲ. ಅದನ್ನು ಮನೆಯಲ್ಲಿ ಯಾರಿಗೂ ಹೇಳದೆ ಮಾಡಿದ್ದೆ. ಮಗಳು ತನ್ನ ಪ್ರಾಜೆಕ್ಟಿನ ಶೀರ್ಷಿಕೆ ದೊಡ್ಡಕ್ಷರದಲ್ಲಿ ಹೊಡೆಯಲು ಹೋಗಿ ಇದ್ದ ಸಾಲನ್ನೂ ಅಳಿಸಿಕೊಂಡು ಕೂತಿದ್ದಳು. ಅಂಗಡಿಯಲ್ಲಿ ಹೆಲ್ಪರ್ ಇದ್ದರೆ ಅವರಿಗೆ ಬೇರೆ ಯೂಸರ್ ಅಕೌಂಟ್ ಮಾಡಿಕೊಡಿ.

ಅಂಗಡಿಯ ಕೆಲಸಕ್ಕೆ ಇನ್ನೆರಡು ಮಾತು. ಫೈಲ್ ಮ್ಯಾನೇಜರ್ ತೆರೆದು ಎಫ್3 ಒತ್ತಿ. ಕಿಟಕಿ ಎರಡು ಪಾಲಾಗುತ್ತದೆ. ಎಡಕ್ಕೆ ಗಿರಾಕಿಯ ಪೆನ್‌ಡ್ರೈವ್, ಬಲಕ್ಕೆ ನಿಮ್ಮ ಫೋಲ್ಡರ್, ಎಳೆದು ಹಾಕಿದರಾಯಿತು. ಹಾಗೆಯೇ ಪದಗಳನ್ನು ಮೌಸ್‌ನಿಂದ ಗುರುತಿಸಿ, ಬೇಕಾದ ಕಡೆ ಮೌಸ್‌ನ ನಡುಗಾಲಿ ಒತ್ತಿದರೆ ಅಲ್ಲಿ ಅಂಟುತ್ತದೆ, ಕಾಪಿ ಪೇಸ್ಟ್ ಎನ್ನುವ ಕಟ್ಟಳೆ ಇಲ್ಲ. ಒಂದು ವಾರ ಬಳಸಿ, ಆಮೇಲೆ ವಿಂಡೋಸ್ ಮುಂದೆ ಕೂತಾಗಲೂ ಬೆರಳು ನಡುಗಾಲಿಗೇ ಹೋಗುತ್ತದೆ.

ಹಳೆ ನುಡಿ ಫಾಂಟಿನ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ, ಯೂನಿಕೋಡ್, ಅಲ್ಲದ) ಕಡತಗಳು ಇಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆದುಕೊಳ್ಳುತ್ತವೆ, ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡೇ ತರಬೇಕು. ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ ಮಾಡುವ ಕೆಲಸ ಇನ್ನೂ ಇದ್ದರೆ ಹಳೆ ವಿಂಡೋಸ್ ಯಂತ್ರ ಒಂದನ್ನು ಗುಜರಿಗೆ ಹಾಕಬೇಡಿ. ಇಂಟರ್ನೆಟ್ ವೈರು ಕಿತ್ತು ಮೂಲೆಯಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಾಕತ್ತೇನ್ರಿ. ಗ್ನೋಮ್ ಡೆಸ್ಕ್‌ಟಾಪ್‌ಗೆ ಹದಿನಾಲ್ಕು ಎಕ್ಸ್‌ಟೆನ್ಷನ್ ಹಾಕಿ ಮಸ್ತ್ ಮಾಡಿದ್ದೆ. ಅಪ್‌ಗ್ರೇಡ್ ಮಾಡಿದ ಮ್ಯಾಲೆ ಒಂಬತ್ತು ಸತ್ತುಹೋದವು. ಪ್ರತಿ ಸಲ ಹಿಂಗs ಆಗತೈತಿ. ಏನ್ ಮಾಡ್ಲಿ?

ಉತ್ತರ: ಗ್ನೋಮ್ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಹೊಸ ಆವೃತ್ತಿ ಬಿಡುತ್ತದೆ. ಎಕ್ಸ್‌ಟೆನ್ಷನ್ ಎಂದರೆ ಗ್ನೋಮ್ ಶೆಲ್‌ನ (ಪರದೆಯ ಪಟ್ಟಿ, ಕಿಟಕಿಗಳನ್ನು ನಡೆಸುವ ಭಾಗ) ಒಡಲೊಳಗೇ ಕೈಹಾಕಿ ತಿದ್ದುವ ಕೋಡ್. ಶೆಲ್‌ನ ಒಳಮನೆ ಬದಲಾದರೆ ಕೈಹಾಕಿದ ಜಾಗವೇ ಇರುವುದಿಲ್ಲ. 2023ರ ಸೆಪ್ಟೆಂಬರ್‌ನ ಗ್ನೋಮ್ 45ರಲ್ಲಿ ಮಾಡ್ಯೂಲ್‌ಗಳ ವ್ಯವಸ್ಥೆಯನ್ನೇ ಬದಲಿಸಿದ್ದರಿಂದ ಹಳೆಯ ಎಲ್ಲ ಎಕ್ಸ್‌ಟೆನ್ಷನ್‌ಗಳನ್ನೂ ತಿದ್ದಿ ಬರೆಯಬೇಕಾಯಿತು. ಅವನ್ನು ಬರೆಯುವವರು ಹೆಚ್ಚಿನಂಶ ನಿಮ್ಮಂಥ ಹುಡುಗರೇ. ಪರೀಕ್ಷೆ ಬಂದರೆ ಕೋಡ್ ಮೂಲೆ ಸೇರುತ್ತದೆ. ಆವೃತ್ತಿ ತಾಳೆ ನೋಡುವುದನ್ನೇ ಆಫ್ ಮಾಡುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಎಕ್ಸ್‌ಟೆನ್ಷನ್ ಓಡುವುದು ಶೆಲ್‌ನ ಜತೆಗೇ, ಅದು ಬಿದ್ದರೆ ಇಡೀ ಡೆಸ್ಕ್‌ಟಾಪ್ ಕೂರುತ್ತದೆ.

ಹದಿನಾಲ್ಕರಲ್ಲಿ ನಿನ್ನೆ ಯಾವುದನ್ನು ಕೈಯಾರೆ ಬಳಸಿದಿರಿ, ಚೀಟಿಯಲ್ಲಿ ಬರೆಯಿರಿ. ಮೂರಕ್ಕಿಂತ ಹೆಚ್ಚಾದರೆ ನಿಮ್ಮ ಅಭ್ಯಾಸಕ್ಕೂ ಗ್ನೋಮ್‌ನ ಸ್ವಭಾವಕ್ಕೂ ಜಾತಕ ಕೂಡಿಲ್ಲ ಎಂದರ್ಥ. ಕೆಡಿಇ ಪ್ಲಾಸ್ಮಾ ಎಂಬ ಬೇರೆ ಡೆಸ್ಕ್‌ಟಾಪ್‌ಗೆ ಹೋಗಿ. ನೀವು ಎಕ್ಸ್‌ಟೆನ್ಷನ್‌ನಿಂದ ಪಡೆದದ್ದರಲ್ಲಿ ಮುಕ್ಕಾಲು ಪಾಲು ಅಲ್ಲಿ ಸೆಟ್ಟಿಂಗ್ಸ್‌ನಲ್ಲೇ ಇದೆ. ನನಗೆ ಅದರಲ್ಲಿ ಬಹಳ ಇಷ್ಟವಾದದ್ದು ವಿಂಡೋ ರೂಲ್ಸ್. ಕಿಟಕಿಯ ಶೀರ್ಷಿಕೆಪಟ್ಟಿಯ ಮೇಲೆ ಬಲಕ್ಲಿಕ್ ಮಾಡಿ, ಟರ್ಮಿನಲ್ ಸದಾ ಬಲ ಅರ್ಧದಲ್ಲೇ ತೆರೆಯಲಿ, ಹಾಡಿನ ಪ್ಲೇಯರ್ ಮೂರನೇ ಡೆಸ್ಕ್‌ಟಾಪ್‌ನಲ್ಲೇ ಇರಲಿ ಎಂದು ಒಮ್ಮೆ ಹೇಳಿಟ್ಟರೆ ಮುಗಿಯಿತು. ವಾಲ್‌ಪೇಪರ್, ಐಕಾನ್, ಅರೆಪಾರದರ್ಶಕ ಕಿಟಕಿ ಎಲ್ಲ ಸೆಮಿಸ್ಟರ್ ಮುಗಿದ ಮೇಲಿರಲಿ.

ಪ್ರಶ್ನೆ: ಕೆಲಸದ ಮೇಲೆ ಸಿಂಗಪುರದಲ್ಲಿದ್ದೇನೆ. ಕುಂದಾಪುರದಲ್ಲಿರುವ ಅಮ್ಮನಿಗೆ ಎಪ್ಪತ್ಮೂರು. ಊರಿಗೆ ಹೋದಾಗ ಮಿಂಟ್ ಹಾಕಿ, ನನ್ನ ಲ್ಯಾಪ್‌ಟಾಪ್‌ನಂತೆಯೇ ಚೊಕ್ಕ ಮಾಡಿಕೊಟ್ಟು ಬಂದೆ. ಈಗ ದಿನಾ ಫೋನು: ‘ಮಗಾ, ಬಾಣ ಕಾಂತಿಲ್ಲೆ, ಫೋಟೊ ಎಲ್ಲಿಗ್ ಹೋಯ್ತ್?’

ಉತ್ತರ: ‘ನನ್ನ ಲ್ಯಾಪ್‌ಟಾಪ್‌ನಂತೆಯೇ’ ಎಂದಿರಲ್ಲ, ಎಡವಟ್ಟು ಶುರುವಾದದ್ದು ಅಲ್ಲೇ. ಏನು ತೊಂದರೆ ಎಂದು ಫೋನಿನಲ್ಲಿ ಕೇಳಬೇಡಿ. ಪಕ್ಕದ ಮನೆಯವರ ಮೊಬೈಲಿನಲ್ಲಿ ವಿಡಿಯೊ ಕರೆ ಮಾಡಿಸಿ, ಅಮ್ಮ ಕೂತು ಒಂದು ಫೋಟೊ ತೆರೆಯುವುದನ್ನು ಬಾಯಿಬಿಡದೆ ನೋಡಿ. ಮೌಸ್ ಹಿಡಿದ ಕೈಯನ್ನು ನೋಡಿ, ಪರದೆಯನ್ನಲ್ಲ.

ನನ್ನ ಅನುಭವದಲ್ಲಿ ನಡೆಯುವುದು ಇಷ್ಟು: ಡಬಲ್ ಕ್ಲಿಕ್‌ನ ಎರಡು ಒತ್ತುಗಳ ನಡುವೆ ಕೈ ಚೂರು ಜರುಗುತ್ತದೆ. ಯಂತ್ರ ಅದನ್ನು ಎಳೆತ ಎಂದುಕೊಳ್ಳುತ್ತದೆ. ಫೋಟೊ ಫೋಲ್ಡರ್ ಹೋಗಿ ಪಕ್ಕದ ಫೋಲ್ಡರ್ ಒಳಗೆ ಬೀಳುತ್ತದೆ. ಕಳೆದುಹೋಗಿದೆ ಎಂದುಕೊಂಡ ಫೋಟೊ ಬಹುಶಃ ಅಲ್ಲೇ ಇದೆ. ಫೈಲ್ ಮ್ಯಾನೇಜರ್‌ನ ಪ್ರಿಫರೆನ್ಸಸ್‌ನಲ್ಲಿ ‘ಒಂದೇ ಕ್ಲಿಕ್‌ಗೆ ತೆರೆ’ ಎನ್ನುವುದನ್ನು ಆರಿಸಿ. ಮೌಸ್ ಸೆಟ್ಟಿಂಗ್ಸ್‌ನಲ್ಲಿ ಬಾಣದ ಗಾತ್ರ ದೊಡ್ಡದು ಮಾಡಿ, ಕಂಟ್ರೋಲ್ ಒತ್ತಿದರೆ ಬಾಣ ಇರುವ ಕಡೆ ತೋರಿಸು ಎನ್ನುವುದನ್ನೂ ಹಾಕಿ. ಆ ಕೀಗೆ ಕೆಂಪು ಬಿಂದಿ ಅಂಟಿಸಿ. ಅಕ್ಷರದ ಗಾತ್ರವನ್ನು ಫಾಂಟ್ ಸೆಟ್ಟಿಂಗ್ಸ್‌ನ ಸ್ಕೇಲಿಂಗ್‌ನಲ್ಲಿ 1.3ರಷ್ಟು ಏರಿಸಿ. ಇಂಗ್ಲಿಷ್ ಓದಲು ಸಾಕಾದ ಗಾತ್ರ ನಮ್ಮ ಒತ್ತಕ್ಷರಗಳಿಗೆ ಸಾಲುವುದಿಲ್ಲ.

ಕೆಳಗಿನ ಪಟ್ಟಿಯಲ್ಲಿದ್ದ ಬ್ರೌಸರ್ ಗುರುತು ಮಾಯವಾಯಿತು ಎಂದರೆ ಬಲಕ್ಲಿಕ್ ಬಿದ್ದು ಪಿನ್ ಕಳಚಿದೆ ಎಂದುಕೊಳ್ಳಿ. ನಮ್ಮತ್ತೆ ಇದನ್ನು ವಾರಕ್ಕೊಮ್ಮೆ ಮಾಡುತ್ತಿದ್ದರು. ಕೊನೆಗೆ ಡೆಸ್ಕ್‌ಟಾಪ್ ಮೇಲೂ ಮೂರೇ ಮೂರು ದೊಡ್ಡ ಗುರುತು ಇಟ್ಟೆ: ಫೋಟೊ, ಯಕ್ಷಗಾನ, ವಿಡಿಯೊ ಕರೆ. ಆಮೇಲೆ ಪಟ್ಟಿ ಏನಾದರೂ ಅವರು ಕೇಳಲಿಲ್ಲ.

ಅಮ್ಮನಿಗೆ ಇಂಗ್ಲಿಷ್ ಕಷ್ಟವಾದರೆ ಮೆನುಗಳನ್ನು ಕನ್ನಡಕ್ಕೆ ಬದಲಿಸಬಹುದು, ಅನುವಾದ ಅಲ್ಲಲ್ಲಿ ಅರ್ಧಕ್ಕೇ ನಿಂತಿರುತ್ತದೆ. ಬದಲಿಸಿ ಮತ್ತೆ ಲಾಗಿನ್ ಆದಾಗ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರ್‌ಗಳ ಹೆಸರನ್ನೂ ಬದಲಿಸಲೇ ಎಂದು ಕೇಳಿದರೆ ಹಳೆಯ ಹೆಸರೇ ಇರಲಿ ಎನ್ನಿ. ಇಲ್ಲದಿದ್ದರೆ ಮುಂದೆ ದೂರದಿಂದ ನೀವೇ ಕಡತ ಹುಡುಕುವಾಗ ಒದ್ದಾಡುತ್ತೀರಿ.

ಪ್ರಶ್ನೆ: ದಾವಣಗೆರೆಯಲ್ಲಿ ಲೆಕ್ಕ ಬರೆಯುತ್ತೇನೆ. ರೂಪಾಯಿ ಚಿಹ್ನೆ ಎಲ್ಲಿದೆ? ಲಕ್ಷಕ್ಕೆ ಅಲ್ಪವಿರಾಮ ಸರಿಯಾದ ಜಾಗಕ್ಕೆ ಬೀಳುವುದಿಲ್ಲ.

ಉತ್ತರ: ಕೀಬೋರ್ಡ್ ಲೇಔಟ್‌ನಲ್ಲಿ ಅಮೆರಿಕದ ಇಂಗ್ಲಿಷ್ ತೆಗೆದು ‘ಇಂಗ್ಲಿಷ್, ಇಂಡಿಯಾ, ರೂಪಾಯಿ ಸಹಿತ’ ಎನ್ನುವುದನ್ನು ಹಾಕಿ. ಬಲಗಡೆ ಆಲ್ಟ್ ಹಿಡಿದು 4 ಒತ್ತಿದರೆ ₹. ಅಲ್ಪವಿರಾಮಕ್ಕೆ ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ರೀಜನ್ ಅನ್ನು ಇಂಡಿಯಾ ಮಾಡಿ, 1,234,567 ಹೋಗಿ 12,34,567 ಆಗುತ್ತದೆ. ಲಿಬ್ರೆಆಫೀಸ್‌ಗೆ ಅದರದೇ ಲೋಕೇಲ್ (ಪ್ರದೇಶದ) ಸೆಟ್ಟಿಂಗ್ ಇದೆ, ಅಲ್ಲೂ ನೋಡಿ.

ಪ್ರಶ್ನೆ: ಹೊಸ ಲ್ಯಾಪ್‌ಟಾಪ್ ಕೊಂಡೆ. ಎರಡು ವರ್ಷ ಕೂತು ಸಿನಮನ್ ಅನ್ನು ನನಗೆ ಬೇಕಾದ ಹಾಗೆ ಮಾಡಿಕೊಂಡಿದ್ದೇನೆ. ಟೈಮ್‌ಶಿಫ್ಟ್ ಬ್ಯಾಕಪ್ ಇದೆ, ಸಾಕಲ್ಲವೆ? (ಮೈಸೂರು)

ಉತ್ತರ: ಸಾಲದು. ಟೈಮ್‌ಶಿಫ್ಟ್ ಕಾಯುವುದು ಸಿಸ್ಟಮ್ ಅನ್ನು. ಹೋಮ್ ಫೋಲ್ಡರ್ ಅನ್ನು ಅದು ತಾನಾಗಿ ಮುಟ್ಟುವುದಿಲ್ಲ, ನಿಮ್ಮ ಎರಡು ವರ್ಷ ಇರುವುದು ಅಲ್ಲೇ. ಫೈಲ್ ಮ್ಯಾನೇಜರ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿದರೆ ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರ್‌ಗಳು ಕಾಣುತ್ತವೆ. ಅವುಗಳಲ್ಲಿ ‘ಕಾನ್ಫಿಗ್’ ಎನ್ನುವುದನ್ನು ಪೂರ್ತಿ ಎತ್ತಿಟ್ಟುಕೊಳ್ಳಿ, ಆದರೆ ಹೊಸದರ ಮೇಲೆ ಪೂರ್ತಿ ಸುರಿಯಬೇಡಿ, ಬೇಕಾದ ಪ್ರೋಗ್ರಾಂನದ್ದು ಮಾತ್ರ ಹೆಕ್ಕಿ ಹಾಕಿ. ಪ್ಯಾನೆಲ್, ಶಾರ್ಟ್‌ಕಟ್, ಥೀಮ್ ಆಯ್ಕೆಗಳು ಇರುವುದು ಡಿಕಾನ್ಫ್ ಎಂಬ ಭಂಡಾರದಲ್ಲಿ. ಟರ್ಮಿನಲ್‌ನಲ್ಲಿ ಅದರ ‘ಡಂಪ್’ ಆಜ್ಞೆ ಕೊಟ್ಟು ಸಿನಮನ್ ಭಾಗವನ್ನು ಒಂದು ಪಠ್ಯ ಕಡತಕ್ಕೆ ಇಳಿಸಿಕೊಂಡು, ಹೊಸದರಲ್ಲಿ ‘ಲೋಡ್’ ಮಾಡಿ. ಆಪ್ಲೆಟ್‌ಗಳನ್ನು (ಪ್ಯಾನೆಲ್‌ನಲ್ಲಿ ಕೂರುವ ಪುಟ್ಟ ಪ್ರೋಗ್ರಾಂಗಳು) ಮಾತ್ರ ಮೊದಲೇ ಅಲ್ಲಿ ಹಾಕಿಕೊಂಡಿರಬೇಕು.

ಲೋಡ್ ಮಾಡುವ ಮೊದಲು ಆ ಕಡತವನ್ನು ಒಮ್ಮೆ ತೆರೆದು ಓದಿ. ನನ್ನದನ್ನು ಓದಿದಾಗ ಎಂದೋ ಹಾಕಿ ಒಮ್ಮೆಯೂ ಒತ್ತದ ಹನ್ನೊಂದು ಶಾರ್ಟ್‌ಕಟ್ ಸಿಕ್ಕವು. ಹನ್ನೊಂದನ್ನೂ ಅಲ್ಲೇ ಅಳಿಸಿದೆ, ಕ್ಯಾಪ್ಸ್ ಲಾಕ್ ಒತ್ತಿ.