ತುಮಕೂರಿನಲ್ಲಿ 15 ಸಾವಿರದೊಳಗೆ ಹೋಂ ಥಿಯೇಟರ್ ಸ್ಪೀಕರ್ ಆರಿಸುವುದು ಹೇಗೆ?

ಚಿಕ್ಕ ಹಾಲ್, 15 ಸಾವಿರ ರೂಪಾಯಿ ಬಜೆಟ್ ಇದೆ ಅಂದುಕೊಳ್ಳಿ. ಹಾಗಾದರೆ 5.1 ಸೆಟ್ (ಐದು ಸ್ಪೀಕರ್, ಜೊತೆಗೆ ಬೇಸ್‌ಗೆಂದೇ ಇರುವ ಒಂದು ಸಬ್‌ವೂಫರ್) ಆಸೆ ಸದ್ಯಕ್ಕೆ ಬಿಡಿ. ಅಷ್ಟು ದುಡ್ಡು ಆರು ಪೆಟ್ಟಿಗೆಗೆ ಹಂಚಿಹೋದರೆ ಒಂದೂ ಚೆನ್ನಾಗಿರುವುದಿಲ್ಲ. ಆಂಪ್ಲಿಫೈಯರ್ ಒಳಗೇ ಇರುವ ಎರಡು ಒಳ್ಳೆಯ ಸ್ಪೀಕರ್ ತಗೊಳ್ಳಿ. ಸಬ್‌ವೂಫರ್ ಜೋಡಿಸುವ ಔಟ್‌ಪುಟ್ ಇದ್ದರೆ ಅದನ್ನು ಮುಂದೆ ಸೇರಿಸಬಹುದು. ಡಬ್ಬದ ಮೇಲಿನ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಸಂಖ್ಯೆಯನ್ನು ನಂಬಲೇಬೇಡಿ, ಆರ್‌ಎಂಎಸ್ ವ್ಯಾಟ್, ಅಂದರೆ ಸತತವಾಗಿ ಕೊಡುವ ಶಕ್ತಿ, ಎಷ್ಟು ಅಂತ ಕೇಳಿ.

ಎಂ.ಜಿ. ರಸ್ತೆಯ ಅಂಗಡಿಯಲ್ಲಿ ಸುಮ್ನೆ ಹಾಡು ಕೇಳಿ ತೀರ್ಮಾನಿಸಬೇಡಿ. ಮಾತು ಜಾಸ್ತಿ ಇರುವ ಕನ್ನಡ ಸಿನಿಮಾ ದೃಶ್ಯ ಹಾಕಿಸಿ, ವಾಲ್ಯೂಮ್ ತಗ್ಗಿಸಿ ಕೇಳಿ. ಆಗಲೂ ಪ್ರತಿ ಮಾತು ಸ್ಪಷ್ಟವಾಗಿದ್ದರೆ ನನ್ನ ಮಟ್ಟಿಗೆ ಅದೇ ಒಳ್ಳೆಯ ಸ್ಪೀಕರ್. ಬರೀ ಧಡಧಡ ಬೇಸ್ ಮನೆಯಲ್ಲಿ ತಲೆನೋವು ತರುತ್ತದೆ, ಅಲ್ವಾ?

ಟಿವಿಯಲ್ಲಿ ಆಪ್ಟಿಕಲ್ ಅಥವಾ ಎಚ್‌ಡಿಎಂಐ ಎಆರ್‌ಸಿ (ಟಿವಿಯ ಶಬ್ದವನ್ನು ಸ್ಪೀಕರ್‌ಗೆ ಕಳಿಸುವ ಪೋರ್ಟ್) ಇದೆಯಾ ನೋಡಿಕೊಂಡು ಹೋಗಿ. ಮನೆಯಲ್ಲಿ ಸ್ಪೀಕರನ್ನು ಕಿವಿಯ ಮಟ್ಟಕ್ಕೆ, ಗೋಡೆಯಿಂದ ಸ್ವಲ್ಪ ದೂರ ಇಡಿ.