ಬಾಯಿಹುಣ್ಣು ಇದ್ದಾಗ ಓರಲ್ ಸೆಕ್ಸ್ ಮಾಡಿದ್ದಕ್ಕೆ ಎಚ್‌ಐವಿ ಬರುತ್ತಾ?

ನಮಸ್ಕಾರ ಸರ್. ಕವಳ ಹಾಕಿ ಸುಣ್ಣ ತಾಗಿ ನಾಲಿಗೆ ಸುಟ್ಟಿತ್ತು, ಅದೇ ವಾರ ಹೊಸ ಗೆಳತಿ ಜೊತೆ ಓರಲ್ ಸೆಕ್ಸ್ ಆಯ್ತು, ಈಗ ನಿದ್ದೆ ಬರ್ತಿಲ್ಲ ಅಂತ ತೀರ್ಥಹಳ್ಳಿಯಿಂದ ಬರೆದಿದ್ದೀರಿ. ಮೊದಲು ಸಮಾಧಾನ ಮಾಡಿಕೊಳ್ಳಿ. ಬಾಯಿಂದ ಎಚ್‌ಐವಿ ಬರುವ ಸಾಧ್ಯತೆ ತುಂಬಾ ಕಡಿಮೆ. ಹುಣ್ಣು, ವಸಡಿನ ರಕ್ತ ಇದ್ದರೆ ಸ್ವಲ್ಪ ಜಾಸ್ತಿ ಆಗುತ್ತೆ, ಅಷ್ಟೇ.

ನನಗೆ ನಿಜಕ್ಕೂ ಚಿಂತೆ ಇರೋದು ಬೇರೆ ಸೋಂಕುಗಳದ್ದು. ಸಿಫಿಲಿಸ್, ಗೊನೋರಿಯಾ, ಹರ್ಪಿಸ್, ಎಚ್‌ಪಿವಿ ಅನ್ನೋ ವೈರಸ್ ಬಾಯಿಂದ ಸಲೀಸಾಗಿ ಹರಡುತ್ತವೆ. ಗಂಟಲಿನ ಗೊನೋರಿಯಾಕ್ಕೆ ಎಷ್ಟೋ ಸಲ ನೋವೇ ಇರಲ್ಲ. ಸಿಫಿಲಿಸ್ ಹುಣ್ಣೂ ನೋಯಲ್ಲ, ಸುಮಾರು 3 ವಾರಕ್ಕೆ ಕಾಣಿಸಿ ತಾನೇ ಮಾಯುತ್ತೆ. ಆದರೆ ರೋಗ ಒಳಗೇ ಉಳಿದಿರುತ್ತೆ. ಕವಳದ ಹುಣ್ಣು ಅಂತ ಸುಮ್ನೆ ಬಿಡಬೇಡಿ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಬನ್ನಿ. ಸರ್ಕಾರಿ ಐಸಿಟಿಸಿ (ಎಚ್‌ಐವಿ ಸಲಹೆ, ಪರೀಕ್ಷೆಯ) ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಗುಟ್ಟಾಗಿಯೂ ಇಡ್ತಾರೆ. ಈಗೊಮ್ಮೆ, 3 ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸಿ. ಸಿಫಿಲಿಸ್ ರಕ್ತಪರೀಕ್ಷೆಯನ್ನೂ ಕೇಳಿ. ಡಾಕ್ಟರ ಹತ್ತಿರ 'ಬಾಯಿಂದ' ಅಂತ ಬಿಡಿಸಿ ಹೇಳಿ, ನಾಚಬೇಡಿ. ಮೂತ್ರಪರೀಕ್ಷೆಯಲ್ಲಿ ಗಂಟಲಿನ ಸೋಂಕು ಗೊತ್ತಾಗಲ್ಲ. ಹೋಗೋಕೆ ಮುಜುಗರ ಆದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅದೂ ಉಚಿತ.

ಮುಂದಕ್ಕೆ, ಬಾಯಲ್ಲಿ ಹುಣ್ಣಿದ್ದ ದಿನ ಬೇಡ. ಹಲ್ಲುಜ್ಜಿದ ತಕ್ಷಣವೂ ಬೇಡ, ವಸಡು ಗೀರಿರುತ್ತೆ. ಹೆಣ್ಣಿಗೆ ಮಾಡುವಾಗ ಹೊಸ ಕಾಂಡೋಮಿನ ತುದಿ, ಬುಡದ ರಿಂಗ್ ಎರಡನ್ನೂ ಕತ್ತರಿಸಿ, ಉದ್ದಕ್ಕೆ ಸೀಳಿ. ಹಾಳೆ ಥರ ಬಿಚ್ಚಿಕೊಳ್ಳುತ್ತೆ, ಅದನ್ನ ಬಾಯಿಗೂ ಯೋನಿಗೂ ಮಧ್ಯೆ ಇಟ್ಟುಕೊಳ್ಳಿ. ಕೊಬ್ಬರಿ ಎಣ್ಣೆ ಮಾತ್ರ ತಾಗಿಸಬೇಡಿ, ರಬ್ಬರ್ ಹರಿಯುತ್ತೆ. ಎಚ್‌ಪಿವಿ ಲಸಿಕೆ ಬಗ್ಗೆಯೂ ಇಬ್ಬರೂ ಡಾಕ್ಟರನ್ನ ಕೇಳಿ. ಗಂಟಲು ಕ್ಯಾನ್ಸರ್‌ಗೆ ಆ ವೈರಸ್ಸೂ ಕಾರಣ, ನಿಮ್ಮ ಕವಳವೂ ಕಾರಣ. ಗೆಳತಿಯನ್ನೂ ಪರೀಕ್ಷೆಗೆ ಕರ್ಕೊಂಡು ಹೋಗಿ, ಒಬ್ಬರೇ ಹೋದರೆ ಅರ್ಧ ಕೆಲಸ ಆದ ಹಾಗೆ ಅಲ್ವಾ?